ಲೈನಿನಲ್ಲಿ ಸೀಟಿ

ಹುಮನಾಬಾದ್ ಮತ್ತು ಬಸವಕಲ್ಯಾಣದ ಟೆಲಿಫೋನ್ ಎಕ್ಸ್‌ಚೇಂಜುಗಳ ನಡುವಿನ ಒಂದು ಟ್ರಂಕ್ ಲೈನನ್ನು ಪ್ರಯೋಗಗಳಿಗೆಂದು ಬಿಟ್ಟುಕೊಟ್ಟಿದ್ದರು. ಅದು ನನ್ನೊಬ್ಬಳದಲ್ಲ. ಇನ್ನೊಂದು ಕಾಲೇಜಿನವರೂ ಅದರ ಮೇಲೆ ಕೆಲಸ ಮಾಡುತ್ತಿದ್ದರು; ಉಳಿದ ಹೊತ್ತು ಊರವರ ಕರೆಗಳೂ ಅದರಲ್ಲೇ. ಹಾಗಾಗಿ ಆಪರೇಟರುಗಳು ಆಗಾಗ ಕಿವಿಗೊಟ್ಟು, ಮಾತು ನಿಂತಿದ್ದರೆ ತಂತಿ ಕಿತ್ತು ಮುಂದಿನವರಿಗೆ ಕೊಡುವುದು ರೂಢಿ.

ನನ್ನ ಸಂಶೋಧನೆ ಇಷ್ಟೇ: ಬರಹವನ್ನು ಶಿಳ್ಳೆಯಂಥ ಸದ್ದಾಗಿಸಿ, ಟೆಲಿಫೋನ್ ತಂತಿಯಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತುಣುಕು ತುಣುಕಾಗಿ ಕಳಿಸುವುದು, ದಾರಿಯಲ್ಲಿ ಕೆಟ್ಟ ತುಣುಕನ್ನು ಯಂತ್ರ ತಾನೇ ಮತ್ತೆ ತರಿಸಿಕೊಳ್ಳುವುದು. ಅದನ್ನು ನೋಡಲು ಟೆಲಿಫೋನ್ ಇಲಾಖೆಯ ಅಧಿಕಾರಿಯೊಬ್ಬರು ಹುಮನಾಬಾದಿಗೆ ಬಂದರು. ಅವರು ಒಪ್ಪದಿದ್ದರೆ ಲೈನು ವಾಪಸು. ನನ್ನ ಪಿಎಚ್‌ಡಿಯೂ ಅಲ್ಲಿಗೇ ನಿಲ್ಲುತ್ತಿತ್ತು.

ಬಸವಕಲ್ಯಾಣದಿಂದ ಗೆಳತಿ ಬಸ್ಸುಗಳ ವೇಳಾಪಟ್ಟಿ ಕಳಿಸತೊಡಗಿದಳು. ನನ್ನ ಕಂಪ್ಯೂಟರಿನ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೋರಖಂಡಿ ಎಂಬ ಊರಿನ ಹೆಸರು ಮೂಡಿತು. ನಾರಾಯಣಪುರ ಮಾತ್ರ ‘ನಾರಾ’ಕ್ಕೇ ನಿಂತಿತು. ಅಧಿಕಾರಿಗೆ ಕೇಳಲೆಂದು ಇಟ್ಟಿದ್ದ ಸ್ಪೀಕರಿನಲ್ಲಿ, ಯಂತ್ರದ ಶಿಳ್ಳೆಯ ಮೇಲೆ, ಬಸವಕಲ್ಯಾಣದ ಆಪರೇಟರ್ ಅಕ್ಕನ ದನಿ. ಅವರ ಮನೆಯಲ್ಲಿ ನಾನು ಎಷ್ಟೋ ಸಲ ಊಟ ಮಾಡಿದ್ದೆ. ಮಗಳ ಬಾಣಂತನ ಮುಗಿಸಿ ಅಂದೇ ಕೆಲಸಕ್ಕೆ ಬಂದು, ನನಗೆ ಲೈನು ಜೋಡಿಸಿಕೊಟ್ಟಿದ್ದರು. ಯಂತ್ರದ ಸದ್ದನ್ನು ಮಾತ್ರ ಎಂದೂ ಕೇಳಿರಲಿಲ್ಲ.

“ಯಾವಾಂವಲೇ ಅಂವ, ಸೀಟಿ ಹೊಡ್ಯಾಕತ್ತಾಂವ? ಆ ಕಡಿ ನಮ್ಮ ಹುಡುಗಿ ಕುಂತಾಳ, ನಾಚಿಕಿ ಬರಂಗಿಲ್ಲೇನು?”

ಸೀಟಿ ನಿಲ್ಲಲಿಲ್ಲ.

“ಭಾಳ ಬೆರಕಿ ಅದಾನ! ಹೆಸರು ಹೇಳು, ಇಲ್ಲಂದ್ರ ತಂತಿ ಕೀಳ್ತೀನಿ. ತಂಗೀ, ನೀ ಅಂಜಬ್ಯಾಡ.”

ನನ್ನ ಕಿವಿ ಬಿಸಿಯಾದವು. ರಿಸೀವರ್ ಎತ್ತಿ ಹೇಳೋಣವೆಂದರೆ, ಎತ್ತಿದೊಡನೆ ಯಂತ್ರಗಳ ಸಂಪರ್ಕ ಕಡಿಯುತ್ತಿತ್ತು. ಅಕ್ಕ ಉಸಿರು ತೆಗೆದುಕೊಂಡರು. ತೆರೆಯ ಮೇಲೆ ‘ಯಣಪುರ’ ಬಂದು ಕೂಡಿಕೊಂಡಿತು. ಮತ್ತೆ ಬೈದರು, ಸಾಲು ನಿಂತಿತು. ಸುಮ್ಮನಾದರು, ಸಾಲು ತುಂಬಿತು.

ಅಧಿಕಾರಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಅವ್ರು ಬೈದಾಗ ಕೆಡ್ತದ, ಸುಮ್ಮನಾದಾಗ ತಾನೇ ಸರಿ ಮಾಡ್ಕೋತದ. ಹೌದಿಲ್ರಿ?”

“ಹೌದ್ರಿ ಸರ್.”

“ಹಂಗಾದ್ರ ಬೈಲಿ ಬಿಡ್ರಿ, ಇನ್ನಷ್ಟು ಬೈಲಿ.”

ಕೊನೆಯ ಬಸ್ಸಿನವರೆಗೆ ಒಂದಕ್ಷರವೂ ತಪ್ಪಲಿಲ್ಲ. ಲೈನು ನಿಮ್ಮ ಹತ್ತಿರವೇ ಇರಲಿ ಎಂದರು ಅಧಿಕಾರಿ. ಆಮೇಲೆ ರಿಸೀವರ್ ಎತ್ತಿದೆ.

“ಅಕ್ಕಾ, ಅದು ಮನಷಾ ಅಲ್ರಿ. ಯಂತ್ರರಿ, ನನ್ನದೇ.”



“ನಿಂದಾ? ಯವ್ವಾ, ಅದಕ್ಕ ಇಷ್ಟು ಬೈದ್ರೂ ತಿರುಗಿ ಒಂದ್ ಮಾತು ಆಡ್ಲಿಲ್ಲ ನೋಡು. ಛಲೋ ಮನಿತನದ್ದು.”