ಮೊದಲು ಇಳಿದವಳಿಗೆ ನಾಲ್ಕನೇ ಸ್ಥಾನ

ಬೆಳಗ್ಗೆ ಆರಕ್ಕೆ ಲಕ್ಷ್ಮೀ ನಗರದಲ್ಲಿ ಮೆಟ್ರೊ ಹತ್ತಿ, ರಾಜೀವ್ ಚೌಕದಲ್ಲಿ ಗಾಡಿ ಬದಲಿಸಿ, ಗುರುಗ್ರಾಮದ ತುದಿಯ ನಿಲ್ದಾಣದಲ್ಲಿ ಇಳಿದಾಗ ಏಳೂವರೆ. ಅಲ್ಲಿಂದ ಜೈಪುರದ ಹೆದ್ದಾರಿಯಲ್ಲಿ ಎಪ್ಪತ್ತು ಕಿಲೋಮೀಟರ್ ಟ್ಯಾಕ್ಸಿ. ಚಾಲಕ ಸಂಜೆಯವರೆಗೆ ಕಾದು ವಾಪಸು ಬಿಡಲು ಎರಡು ಸಾವಿರ ಕೇಳಿ ಸಾವಿರದ ಆರುನೂರಕ್ಕೆ ಒಪ್ಪಿದ. ನಮ್ಮಣ್ಣನ ಮಗಳು ನಂದಿನಿ ಇಂಜಿನ್ನೇ ಇಲ್ಲದ ವಿಮಾನ ಹಾರಿಸುವುದನ್ನು ನೋಡಲು ಹೊರಟಿದ್ದೆ. ಮೂರು ದಿನದ ಗ್ಲೈಡರ್ ಪಂದ್ಯದ ಕೊನೆಯ ದಿನ ಅದು; ದಿನವೂ ಗೊತ್ತುಮಾಡಿದ ದಾರಿಯನ್ನು ಸುತ್ತಿ ಬರಬೇಕು. ಎರಡು ದಿನದ ಅಂಕಗಳಲ್ಲಿ ಅವಳೇ ಮುಂದಿದ್ದಳು. ಒಟ್ಟಾರೆ ಗೆದ್ದವರೊಬ್ಬರಿಗೆ ಮಾತ್ರ ವಿದೇಶದ ಪಂದ್ಯಕ್ಕೆ ಹೋಗುವ ಅವಕಾಶ.

ಮೈದಾನದಲ್ಲಿ ಸುಡುಬಿಸಿಲು, ಬಾಯಿ ತುಂಬ ಧೂಳು. "ಬಂದ್ರಾ ಅತ್ತೆ? ಟೋಪಿ ಹಾಕ್ಕೊಳ್ಳಿ, ಧೂಪ್ ಬಹುತ್ ಹೈ," ಎಂದು ನಂದಿನಿ ನನ್ನ ತಲೆಗೆ ತನ್ನದೇ ಟೋಪಿ ಇಟ್ಟು ಹೋದಳು.

ಒಂದು ಪುಟ್ಟ ವಿಮಾನ ಒಂಬತ್ತು ಗ್ಲೈಡರುಗಳನ್ನೂ ಒಂದೊಂದಾಗಿ ಹಗ್ಗದಲ್ಲಿ ಎಳೆದೊಯ್ದು ಮೇಲೆ ಬಿಟ್ಟಿತು. ಪಂದ್ಯ ಶುರುವೆಂದು ರೇಡಿಯೊ ಹೇಳಿದ ಕೂಡಲೇ ನಂದಿನಿ ಹೊರಟೇಬಿಟ್ಟಳು. ಮಿಕ್ಕವರು ಅಲ್ಲಲ್ಲೇ ಸುತ್ತುತ್ತಿದ್ದರು. ಇವರಿಗೇನು ನಿದ್ದೆ ಬಂತೋ ಎಂದು ನಾನು ಒಳಗೊಳಗೇ ನಕ್ಕೆ.

ಮೂರು ಗಂಟೆಗೆ ಎಲ್ಲರಿಗಿಂತ ಮೊದಲು ಇಳಿದದ್ದೂ ಅವಳೇ. ವಯಸ್ಸು ಮರೆತು ಕುಣಿದೆ. ಮೂರು ನಿಮಿಷದ ಮೇಲೆ ಇನ್ನೂ ಮೂರು ಗ್ಲೈಡರುಗಳು ಒಟ್ಟಿಗೆ ಬಂದವು. ಆಮೇಲೆ ಫಲಿತಾಂಶದ ಹಲಗೆ ನೋಡಿದರೆ ನಂದಿನಿಗೆ ಆ ದಿನ ನಾಲ್ಕನೇ ಸ್ಥಾನ! ಒಟ್ಟು ಅಂಕದಲ್ಲಿ ಆ ಮೂವರಲ್ಲೊಬ್ಬ, ವಿಕ್ರಾಂತ್ ಎಂಬವನು ಮೊದಲಿಗ.

"ಮೊದಲು ಬಂದವಳು ನಾಲ್ಕನೆಯವಳು ಹೇಗಾಗ್ತಾಳೆ ಭಾಯಿಸಾಹೇಬ್?" ಅಂಕ ಬರೆಯುವ ನಿವೃತ್ತ ಅಧಿಕಾರಿಯನ್ನು ನನ್ನ ಒರಟು ಹಿಂದಿಯಲ್ಲೇ ಹಿಡಿದುಕೊಂಡೆ.

ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಯಾವಾಗ ಹೊರಡಬೇಕೆಂಬುದು ಅವರವರ ಇಷ್ಟ. ಹೊರಡುವ ಗೆರೆ ದಾಟಿದ ಮೇಲೆ ಅವರವರ ಗಡಿಯಾರ ಓಡುತ್ತದೆ. ಆ ಮೂವರು ಎಂಟು ನಿಮಿಷ ತಡವಾಗಿ ಹೊರಟು ಮೂರೇ ನಿಮಿಷ ತಡವಾಗಿ ಬಂದಿದ್ದರು. ಗ್ಲೈಡರನ್ನು ಮೇಲೆತ್ತುವ ಬಿಸಿಗಾಳಿ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಹುಡುಕುವುದರಲ್ಲೇ ನಂದಿನಿಯ ಹೊತ್ತು ಹೋಗಿತ್ತು. ಹಿಂದಿನವರು ಅವಳು ಸುತ್ತಿ ಏರುವುದನ್ನು ದೂರದಿಂದ ನೋಡಿ ನೇರ ಅಲ್ಲಿಗೇ ಬಂದಿದ್ದರು.

"ಅಯ್ಯೋ, ಇದು ಹಗಲುದರೋಡೆ!"

"ನಿಯಮದಲ್ಲೇ ಇದೆ, ಮೇಡಂ. ಆಕ್ಷೇಪಣೆ ಇದ್ದರೆ ಐದು ಗಂಟೆಯೊಳಗೆ ಬರೆದುಕೊಡಿ. ಸ್ಪರ್ಧಿಯ ಸಹಿ ಬೇಕು."

ಬರೆದುಕೊಡುವುದು! ಕೇಂದ್ರ ಸಚಿವಾಲಯದಲ್ಲಿ ಇಪ್ಪತ್ತೆಂಟು ವರ್ಷ ಮತ್ತೇನು ಮಾಡಿದ್ದೇನೆ? ಟ್ಯಾಕ್ಸಿಯ ಬಾನೆಟ್ಟಿನ ಮೇಲೆ ಕಾಗದವಿಟ್ಟು ವಿಷಯ, ಉಲ್ಲೇಖ, ಮೂರು ಪ್ಯಾರಾ ಬರೆದೆ. ಪರರ ಶ್ರಮ ಕದ್ದ ವಿಕ್ರಾಂತನ ಅಂಕ ರದ್ದುಪಡಿಸಬೇಕೆಂದು ಪ್ರಾರ್ಥಿಸಿದೆ. ಬಾನೆಟ್ಟು ಕಾದು ಕೈ ಚುರ್ರೆಂದರೂ ನಿಲ್ಲಿಸಲಿಲ್ಲ.

ನಂದಿನಿ ನಿಧಾನವಾಗಿ ಓದಿದಳು. ಪೆನ್ನು ಮುಟ್ಟಲಿಲ್ಲ.

"ಸಹಿ ಮಾಡೇ, ಹೊತ್ತಾಗ್ತಿದೆ!"

"ಇದು ನನ್ನ ಮೇಲೇ ಬರುತ್ತೆ ಅತ್ತೆ. ನಿನ್ನೆ ವಿಕ್ರಾಂತ್ ಮೊದಲು ಹೊರಟಿದ್ದ. ಐ ಫಾಲೋಡ್ ಹಿಮ್. ಹತ್ತು ನಿಮಿಷ ಬೇಕಂತಲೇ ಕಾದೆ."

ನಿನ್ನೆ ಅವಳು ಗೆದ್ದ ಸುದ್ದಿ ಕೇಳಿ ಅಕ್ಕಪಕ್ಕದ ಮನೆಗಳಿಗೆಲ್ಲ ಲಡ್ಡು ಹಂಚಿದವಳು ನಾನು.

"ಮತ್ತೆ ಇವತ್ಯಾಕೆ ಕಾಯ್ಲಿಲ್ಲ?"

"ನಿನ್ನೆ ಇಳಿದ್ಮೇಲೆ ವಿಕ್ರಾಂತ್ ಬಂದು ಶೇಕ್‌ಹ್ಯಾಂಡ್ ಕೊಟ್ಟ. ಏನೂ ಅನ್ಲಿಲ್ಲ. ರಾತ್ರಿಯಿಡೀ ನಿದ್ದೆ ಬರ್ಲಿಲ್ಲ ನಂಗೆ."

"ಫೋನಲ್ಲಿ ಇದನ್ನೆಲ್ಲ ಹೇಳಬಾರದಿತ್ತೇನೇ?"

"ಗೆದ್ದೆ ಅಂದೆ. ಹೇಗೆ ಅಂತ ನೀವು ಕೇಳ್ಲೇ ಇಲ್ಲ, ಅತ್ತೆ."

ಅರ್ಜಿ ನನ್ನ ಕೈಗೆ ವಾಪಸು ಕೊಟ್ಟು, ಗಾಡಿಗೇರಿಸಲು ವಿಕ್ರಾಂತನ ಗ್ಲೈಡರಿನ ರೆಕ್ಕೆ ಬಿಚ್ಚುವುದಕ್ಕೆ ಕೈಜೋಡಿಸಲು ಹೋದಳು. ಟ್ಯಾಕ್ಸಿ ಹೊರಟಾಗ ತಿರುಗಿ ನೋಡಿದೆ. ರೆಕ್ಕೆಯ ಆ ತುದಿ ಅವನು ಹಿಡಿದಿದ್ದ, ಈ ತುದಿ ಅವಳು.