ಮಶೀನಿನ ಕಣ್ಣಿಗೆ ಬಿದ್ದ ಅರಿಶಿಣ

ಮುಂಬಯಿಯ ಬೆಳಗಿನ ಸ್ಲೋ ಲೋಕಲ್ ಟ್ರೇನು ನಮ್ಮ ಠಾಕುರ್ಲಿಗೆ ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೂ ಓಡುತ್ತಾರೆ, ನಾನೂ ಓಡುತ್ತೇನೆ, ಸೌಭಾಗ್ಯಕ್ಕ ಮಾತ್ರ ಓಡುವುದಿಲ್ಲ. ಲೇಡೀಸ್ ಡಬ್ಬಿಯ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೋ ಅಲ್ಲಿ ಅವಳು ಮೊದಲೇ ನಿಂತಿರುತ್ತಾಳೆ. ನಮ್ಮ ಬಿಲ್ಡಿಂಗಿನ ಮೇಲಿನ ಮಹಡಿಯವಳು. ಅಪ್ಪ ಸೋಮಣ್ಣ ಇಂಡಿ ಕಡೆಯಿಂದ ಬಂದು ಶಹಾಡಿನ ಬಣ್ಣದ ಕಾರ್ಖಾನೆಯಲ್ಲಿ ದುಡಿದವರು. ಅವಳು ಹುಟ್ಟಿದ್ದು ದಿವಾದ ಒಂದೇ ಕೋಣೆಯ ಖೋಲಿಯಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ, ಬಿಎಸ್ಸಿ ಮಾಡಿದ್ದು ಕಲ್ಯಾಣದಲ್ಲಿ. ಆಮೇಲೆ ಡೊಂಬಿವಲಿಯ ಪೆಥಾಲಜಿ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಲೇ ಎಂಎಸ್ಸಿ ಮುಗಿಸಿದಳು. ಈಗ ನವಿ ಮುಂಬಯಿಯ ಮಹಾಪೆಯಲ್ಲಿ, ಡಿಎನ್‌ಎ ಓದುವ ಲ್ಯಾಬಿನಲ್ಲಿದ್ದಾಳೆ. ನನ್ನ ಇಂಟರ್ನ್‌ಶಿಪ್ಪೂ ಅಲ್ಲೇ ಸಿಕ್ಕಿತು, ಅದೂ ಅವಳ ಮಶೀನಿನ ಪಕ್ಕದಲ್ಲೇ. ಆ ಖುಷಿಗೆ ಮೊದಲ ದಿನ ನನಗೆ ಊಟವೇ ಸೇರಲಿಲ್ಲ.

ಅವಳ ಮಶೀನು ನೋಡಲು ಟಿಫಿನ್ ಡಬ್ಬಿಯನ್ನು ದೊಡ್ಡದು ಮಾಡಿದ ಹಾಗಿದೆ. ಡಿಎನ್‌ಎ ತುಣುಕುಗಳನ್ನು ಉದ್ದ ನೋಡಿ ಬೇರೆ ಮಾಡುವುದು ಅದರ ಕೆಲಸ. ಒಳಗೆ ಜೆಲ್ಲಿ ತುಂಬಿದ ಪ್ಲಾಸ್ಟಿಕ್ ತಟ್ಟೆ ಇರುತ್ತದೆ, ಅದರಲ್ಲಿ ಕರೆಂಟು ಹರಿಸಿದರೆ ತುಣುಕುಗಳು ಓಡತೊಡಗುತ್ತವೆ. ಠಾಣೆಯಲ್ಲಿ ಫಾಸ್ಟ್ ಲೋಕಲ್ ನಿಂತಾಗ ತೆಳ್ಳಗಿನ ಕಾಲೇಜು ಹುಡುಗಿ ಗರ್ದಿಯೊಳಗೆ ಸರ‍್ರನೆ ನುಗ್ಗಿ ಇಳಿದುಬಿಡುತ್ತಾಳಲ್ಲ, ದೊಡ್ಡ ಬ್ಯಾಗಿನ ವಯಸ್ಸಾದ ಕಾಕೂ ಹಿಂದೆ ಸಿಕ್ಕಿಕೊಳ್ಳುತ್ತಾರಲ್ಲ, ಹಾಗೆ ಸಣ್ಣವು ಮುಂದೆ, ಉದ್ದನೆಯವು ಹಿಂದೆ. ಜೊತೆಗೆ ಹೊಳೆಯುವ ಗುರುತಿನ ತುಣುಕೊಂದು ಓಡುತ್ತದೆ. ತಟ್ಟೆಯ ಕೆಳಗೆ ಪುಟ್ಟ ಗಾಜಿನ ಕಿಂಡಿಯಲ್ಲಿ ಮಶೀನಿನ ಕಣ್ಣಿದೆ. ನೀಲಿ ಬೆಳಕು ಬಿಟ್ಟು ಅದು ಈ ಹೊಳಪನ್ನೇ ಕಾಯುತ್ತದೆ, ಹೊಳಪು ದಾಟಿದ ಹೊತ್ತಿನಿಂದ ಲೆಕ್ಕ ಹಾಕಿ, ನಮಗೆ ಬೇಕಾದ ಉದ್ದದ ತುಣುಕು ಬರುವಾಗ ಬೇರೆ ದಾರಿ ತೆರೆದು ಹಿಡಿದುಕೊಳ್ಳುತ್ತದೆ. ಮಶೀನು ಬರುವ ಮೊದಲು ಸೌಭಾಗ್ಯಕ್ಕ ಇದನ್ನೆಲ್ಲ ಕೈಯಲ್ಲೇ ಮಾಡುತ್ತಿದ್ದಳು. ಕಿತ್ತಳೆ ಕನ್ನಡಕ ಹಾಕಿ, ನೀಲಿ ದೀಪದ ಮೇಲೆ ಜೆಲ್ಲಿ ಇಟ್ಟು, ಹೊಳೆಯುವ ಪಟ್ಟಿಯನ್ನು ಬ್ಲೇಡಿನಿಂದ ಕೊಯ್ಯುವುದು. ಆ ದೀಪ, ಆ ಕನ್ನಡಕ ಈಗಲೂ ಅವಳ ಡ್ರಾಯರಿನಲ್ಲಿವೆ.

ದಸರೆಯ ರಜೆಗೆ ಮುಂಚಿನ ದಿನ ಲ್ಯಾಬಿನಲ್ಲಿ ಆಯುಧ ಪೂಜೆ ಆಯಿತು. ಲ್ಯಾಬಿನ ಮುಖ್ಯಸ್ಥ ಹೃಷೀಕೇಶ ಸರ್ ಉಡುಪಿ ಕಡೆಯವರು, ತೆಂಗಿನಕಾಯಿ ಒಡೆದು ಪೇಡೆ ಹಂಚಿದರು. ಸೌಭಾಗ್ಯಕ್ಕನ ತಾಯಿ ಕಾಳವ್ವ ಅರಿಶಿಣ ಕುಂಕುಮ ಪೊಟ್ಟಣ ಕಟ್ಟಿ ಕೊಟ್ಟಿದ್ದರು, ಅನ್ನ ಕೊಡುವುದರ ಹಣೆಗೇ ಹಚ್ಚಬೇಕು, ಎಲ್ಲೋ ಮೂಲೆಗಲ್ಲ ಎಂದು ಹೇಳಿಯೂ ಕಳಿಸಿದ್ದರು. ಹಾಗಾಗಿ ಮುಚ್ಚಳದ ನಟ್ಟನಡುವೆ ಹಚ್ಚಿದ್ದಾಯಿತು. ನಾನು ಫೋಟೋ ತೆಗೆದೆ.

ರಜೆ ಮುಗಿದು ಬಂದಾಗ ಆ ಟ್ಯೂಬು ಕಾಯುತ್ತಿತ್ತು. ಕಲ್ಯಾಣದ ಒಬ್ಬ ಹುಡುಗನ ಡಿಎನ್‌ಎ. ಸ್ನಾಯುಗಳ ಕಾಯಿಲೆಯಿಂದ ಹುಡುಗ ಹೋಗಿಬಿಟ್ಟಿದ್ದ, ಆಸ್ಪತ್ರೆಯ ಫ್ರೀಜರಿನಲ್ಲಿ ಇಷ್ಟೇ ಉಳಿದಿತ್ತು. ಅವನ ಅಕ್ಕ ಈಗ ಬಸುರಿ, ಅದೇ ಕಾಯಿಲೆ ಮಗುವಿಗೂ ಬಂದೀತೇ ಎಂಬ ಹೆದರಿಕೆ. ಅವನ ಡಿಎನ್‌ಎಯಲ್ಲಿ ತಪ್ಪು ಎಲ್ಲಿತ್ತು ಎಂದು ತಿಳಿದರೆ ಮಾತ್ರ ಅಕ್ಕನಲ್ಲಿ ಅದು ಇದೆಯೇ ಎಂದು ಹುಡುಕಬಹುದು. ಮಾಮೂಲಿ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ, ಉದ್ದನೆಯ ತುಣುಕುಗಳನ್ನೇ ಆರಿಸಿ ಓದಬೇಕಿತ್ತು. ಅಂದು ಸಂಜೆಯಷ್ಟೇ ಡಿಎನ್‌ಎ ಓದುವ ಯಂತ್ರ ಖಾಲಿಯಿತ್ತು, ಅದು ತಪ್ಪಿದರೆ ಡಾಕ್ಟರು ಹೇಳಿದ ಗಡುವು ಮೀರುತ್ತಿತ್ತು. ಟ್ಯೂಬಿನಲ್ಲಿದ್ದದ್ದು ಒಂದೇ ಸಲಕ್ಕೆ ಸಾಲುವಷ್ಟು.

ಸೌಭಾಗ್ಯಕ್ಕ ಮೊದಲು ಮಶೀನನ್ನು ಸ್ಪಿರಿಟ್ ಹಾಕಿ ಒರೆಸಿದಳು, ಮುಚ್ಚಳ, ಒಳಗಿನ ತಳ, ಎಲ್ಲ. ಆಮೇಲೆ ಮಶೀನಿನ ಕಣ್ಣಿಗೆ ಬೆಳಕು ಕಾಣುತ್ತದೆಯೇ ಎಂಬ ಪರೀಕ್ಷೆ ನಡೆಸಿದಳು. ಪಾಸ್ ಎಂದು ಬಂತು. ಆದರೂ ಟ್ಯೂಬು ತೆರೆಯಲಿಲ್ಲ, ಯಾವುದೋ ಪ್ರಾಜೆಕ್ಟಿನಲ್ಲಿ ಮಿಕ್ಕಿದ್ದ ಬಂಗುಡೆ ಮೀನಿನ ಡಿಎನ್‌ಎ ಹೊರತೆಗೆದಳು.

ಪಕ್ಕದ ಮೇಜಿನ ವಾಸುವಿಗೆ ತಮಾಷೆಯೆನಿಸಿತು. "ಪಾಸ್ ಅಂದ್ರೆ ಪಾಸ್, ಮ್ಯಾಡಮ್. ಮಶೀನಿಗಿಂತ ನೀವು ಜಾಸ್ತಿ ಶಾಣ್ಯಾ ಏನು?"

"ರಜಾ ಮುಗಿಸಿ ಬಂದ ಡ್ರೈವರ್ ಕೈಯಾಗ ನಾ ತುಂಬಿದ ಲೋಕಲ್ ಕೊಡಂಗಿಲ್ಲಪಾ," ಅಂದಳು ಅವಳು. "ಮೊದ್ಲ ಖಾಲಿ ಗಾಡಿ ಓಡಿಸ್ಲಿ."

ಮೀನಿನ ಗಾಡಿ ಓಡಿತು, ತಪ್ಪು ಸ್ಟೇಶನ್ನಿನಲ್ಲಿ ನಿಂತಿತು. ಉದ್ದನೆಯ ತುಣುಕು ಇರಬೇಕಾದಲ್ಲಿ ಬರೀ ಸಣ್ಣ ಚೂರುಗಳು ಸಿಕ್ಕವು, ಉದ್ದನೆಯವೆಲ್ಲ ಕಸಕ್ಕೆ ಹೋಗಿದ್ದವು. ವಾಸು ಕುರ್ಚಿ ಹತ್ತಿರ ಎಳೆದುಕೊಂಡ. ಅವಳು ಡಿಎನ್‌ಎಯೇ ಇಲ್ಲದ, ಗುರುತಿನ ತುಣುಕೂ ಇಲ್ಲದ ತಟ್ಟೆಯೊಂದನ್ನು ಇಟ್ಟು ನೋಡಿದಳು. ಕಣ್ಣು ಆಗಲೂ ಬೆಳಕು ಕಾಣುತ್ತಿದೆ ಎಂದಿತು.

ಹೃಷೀಕೇಶ ಸರ್ ಕಂಪನಿಗೆ ಫೋನ್ ಮಾಡಿದರು. ಇಂಜಿನಿಯರ್ ಬರುವುದು ಮುಂದಿನ ವಾರವಂತೆ. ಸರ್ ಫೋನ್ ಇಟ್ಟು, ಹಳೆಯ ಹಾಗೆ ಬ್ಲೇಡಿನಲ್ಲಿ ಕೊಯ್ಯೋಣವೇ, ನಿನ್ನ ಕೈ ಚೆನ್ನಾಗಿದೆಯಲ್ಲ ಎಂದು ಕೇಳಿದರು. ನನಗೂ ಅದೇ ಸರಿ ಅನ್ನಿಸಿತ್ತು.

"ಕೈಯಾಗ ಮಾಡಿದ್ರ ಅರ್ಧಾ ಜೆಲ್ಲಿಯೊಳಗೇ ಉಳೀತೈತಿ ಸರ್. ಅರ್ಧಾ ಕಳಕೊಳ್ಳುವಷ್ಟು ಆ ಟ್ಯೂಬಿನ್ಯಾಗ ಇಲ್ಲ. ಮಶೀನ್ ಸುದ್ದ ಮಾಡೇ ಮಾಡೂದು."

ಆಮೇಲೆ ಅವಳು ಮಶೀನಿನ ಮುಂದೆ ಕೈಕಟ್ಟಿ ನಿಂತಳು. ತಟ್ಟೆಗಳು ರಜೆಗೆ ಮುಂಚಿನ ಪೆಟ್ಟಿಗೆಯವೇ, ದ್ರಾವಣವೂ ಅದೇ, ಕರೆಂಟೂ ಸರಿಯಿದೆ. ಹಾಗಾದರೆ ರಜೆಯ ಮುಂಚೆ ಇಲ್ಲದ್ದು ಈಗ ಏನಿದೆ? ನನ್ನ ಮೊಬೈಲ್ ಕೇಳಿದಳು. ಪೂಜೆಯ ಫೋಟೋ ದೊಡ್ಡದು ಮಾಡಿ ನೋಡಿದಳು. ಮುಚ್ಚಳದ ಮೇಲೆ ಅರಿಶಿಣ ಎಷ್ಟು ದಪ್ಪಗಿತ್ತೆಂದರೆ ಅಂಚಿನ ಸಂದಿಗೂ ಪುಡಿ ಉದುರಿತ್ತು.

ಅವಳು ಡ್ರಾಯರಿನಿಂದ ನೀಲಿ ದೀಪ ತೆಗೆದಳು. ಕನ್ನಡಕ ಹಾಕಿಕೊಂಡು, ಲೈಟ್ ಬಂದ್ ಮಾಡು ಅಂದಳು. ಮಾಡಿದೆ. ಮುಚ್ಚಳ ಎತ್ತಿ ದೀಪ ಹಿಡಿದಳು, ನೋಡಿ ಕನ್ನಡಕವನ್ನು ನನಗೆ ದಾಟಿಸಿದಳು. ಅಯ್ಯೋ, ಅದನ್ನು ಹೇಗೆ ಹೇಳಲಿ, ಮಶೀನಿನ ಹೊಟ್ಟೆಯೊಳಗೆ ಹಳದಿ ಬೆಳಕು ಹೊತ್ತಿಕೊಂಡಿತ್ತು. ಸಂದಿಯಲ್ಲಿ ಚುಕ್ಕಿ ಚುಕ್ಕಿ, ಗಾಜಿನ ಕಿಂಡಿಯ ಮೇಲೆ ಬಟ್ಟೆ ಎಳೆದ ಗೀರು ಗೀರು. ದಿನಾ ಸಾರಿಗೆ ಹಾಕುವ ಅರಿಶಿಣ ನೀಲಿ ಬೆಳಕಿನಲ್ಲಿ ಹೀಗೆ ಉರಿಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅದು ನೀರಿನಲ್ಲಿ ಕರಗುವುದಿಲ್ಲ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬೆಳಿಗ್ಗೆ ಒರೆಸಿದ್ದು ಒರೆಸಿದ್ದಾಗಿರಲಿಲ್ಲ, ಕಣ್ಣಿಗೆ ಬಳಿದದ್ದಾಗಿತ್ತು. ಆ ಹೊಳಪನ್ನೇ ಗುರುತಿನ ತುಣುಕು ಎಂದುಕೊಂಡು ಮಶೀನು ತಪ್ಪು ಹೊತ್ತಿಗೆ ದಾರಿ ತೆರೆದಿತ್ತು.

ಲೈಟು ಹಾಕಿದ ಮೇಲೆ ಸೌಭಾಗ್ಯಕ್ಕ ನೇರ ಸರ್ ಕಡೆ ತಿರುಗಿದಳು. "ಹಚ್ಚಿದಾಕಿ ನಾನ ಸರ್, ಒರಸಿ ಹರವಿದಾಕೀನೂ ನಾನ."

"ಪೇಡೆ ನಾನೂ ತಿಂದಿದ್ದೇನಲ್ಲ ಮಾರಾಯ್ತಿ," ಅಂದರು ಸರ್. "ಈಗ ಹೇಳು, ಸಂಜೆಯೊಳಗೆ ಆಗ್ತದಾ?"

ಆಗ್ತದ ಅಂದಳು. ಒಂದು ಹತ್ತಿಕಡ್ಡಿ ಸ್ಪಿರಿಟ್ಟಿನಲ್ಲಿ ಅದ್ದುವುದು, ಒಂದೇ ಸಲ ಎಳೆಯುವುದು, ಎಸೆಯುವುದು, ಹೊಸದು ತೆಗೆಯುವುದು. ವಾಸು ಕಡ್ಡಿ ಅದ್ದಿ ಕೊಡುತ್ತಿದ್ದ, ನಾನು ಲೈಟಿನ ಸ್ವಿಚ್ಚಿನ ಹತ್ತಿರ. ಕತ್ತಲು, ನೋಡು, ಬೆಳಕು, ಒರೆಸು. ಸಾಕು ಅನ್ನಿಸುವಷ್ಟಾದ ಮೇಲೂ ಅವಳು ಬಿಡಲಿಲ್ಲ, ಮೂಲೆಯೊಂದರಲ್ಲಿ ಸೂಜಿಮೊನೆಯಷ್ಟು ಹಳದಿ ಉಳಿದಿದ್ದಕ್ಕೆ ಮತ್ತೆ ಶುರು ಮಾಡಿದಳು. ಊಟದ ಡಬ್ಬಿಗಳು ಹಾಗೇ ಉಳಿದವು. ಕೊನೆಗೆ ಕತ್ತಲಲ್ಲಿ ಕತ್ತಲೇ ಕಂಡಿತು. ಬಂಗುಡೆಯನ್ನು ಮತ್ತೆ ಓಡಿಸಿದಳು, ಈ ಸಲ ಉದ್ದನೆಯ ತುಣುಕುಗಳು ಸರಿಯಾದ ಜಾಗದಲ್ಲೇ ಇಳಿದವು. ಆಗ ಹುಡುಗನ ಟ್ಯೂಬು ಕೈಗೆತ್ತಿಕೊಂಡಳು.

ಅದು ಓಡುವಷ್ಟು ಹೊತ್ತೂ ಅವಳು ಸ್ಕ್ರೀನಿನ ಮುಂದಿಂದ ಏಳಲಿಲ್ಲ. ವಾಸು ಚಹಾ ತಂದಿಟ್ಟ, ಅದರ ಮೇಲೆ ಕೆನೆ ಕಟ್ಟಿತು. ಮುಗಿದಾಗ ತುಣುಕುಗಳ ಉದ್ದ ಅಳೆದು ನೋಡಿದಳು, ಬೇಕಾದದ್ದೇ ಬಂದಿತ್ತು, ಓದಲು ಸಾಲುವಷ್ಟಿತ್ತು. ಸಂಜೆ ಅದು ಓದುವ ಯಂತ್ರಕ್ಕೆ ಹೋಯಿತು.

ಗಡುವಿನೊಳಗೇ ತಪ್ಪು ಎಲ್ಲಿದೆಯೆಂದು ಸಿಕ್ಕಿತು. ಅಕ್ಕನ ರಕ್ತದಲ್ಲಿ ಅದೇ ಜಾಗ ಹುಡುಕಿದ ಡಾಕ್ಟರು ಸರ್‌ಗೆ ಫೋನ್ ಮಾಡಿ, ಅವಳಲ್ಲಿ ಅದು ಇಲ್ಲ ಎಂದು ತಿಳಿಸಿದರು. ನಾನು ಕಾರಿಡಾರಿನಲ್ಲಿ ಕುಣಿದೆ. ಸೌಭಾಗ್ಯಕ್ಕ ಗ್ಲೌಸ್ ಬಿಚ್ಚಿ, ಮುಖ ತೊಳೆದುಕೊಂಡು ಬಂದಳು.

ಅಂದು ನನ್ನನ್ನೂ ಮನೆಗೆ ಊಟಕ್ಕೆ ಕರೆದಳು. ಕಾಳವ್ವ ರೊಟ್ಟಿ ಬಡಿಯುತ್ತಿದ್ದರು. ಅರಿಶಿಣದ ಕತೆ ಕೇಳಿ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ರೊಟ್ಟಿ ತಿರುವಿ ಹಾಕಿ ಯೋಚಿಸಿದರು.

"ಹಣಿ ಹತ್ರ ಕಣ್ಣೈತಿ ಅಂದ್ರ ಬ್ಯಾಡ ಬಿಡು. ಮುಂದಿನ ವರ್ಷ ಕಾಲಿಗೆ ಹಚ್ಚು."

"ಮೇಜಿನ ಕಾಲಿಗೆ, ಅವ್ವಾ," ಅಂದಳು ಸೌಭಾಗ್ಯಕ್ಕ. "ಮಶೀನಿನ ಕಾಲಿಗಲ್ಲ."