ಘಟದ ಪಕ್ಕ ಇಟ್ಟ ಕಾಡತೂಸು

ಮೊನ್ನೆ ನವರಾತ್ರಿಗೆಂದು ಸೊಸೆ ದೇವರ ಮುಂದೆ ಘಟ ಹಾಕಿದಳು. ಪತ್ರಾವಳಿಯ ಮೇಲೆ ಕರಿಮಣ್ಣು ಹರಡಿ, ಜೋಳ, ಗೋಧಿ, ಹೆಸರು ಚೆಲ್ಲಿ, ನಡುವೆ ಮಡಕೆ ಇಟ್ಟು ನೀರು ಚಿಮುಕಿಸಿದಳು. ಮೂರನೆಯ ದಿನಕ್ಕೆ ಮೊಳಕೆ ಒಡೆದು, ಹಸಿಮಣ್ಣಿನ ಆ ಹುಳಿಹುಳಿ ವಾಸನೆ ಮನೆಯೆಲ್ಲ ತುಂಬಿತು. ನಾನು ಸೆರಗು ಮೂಗಿಗೆ ಹಿಡಿದು ಹೊರಗಿನ ಕಟ್ಟೆಗೆ ಬಂದು ಕೂತೆ. ಮುದುಕಿಗೆ ಭಕ್ತಿ ಕಡಿಮೆಯಾಯಿತೆಂದು ಮನೆಯವರು ನಗುತ್ತಾರೆ. ನಗಲಿ. ಆ ವಾಸನೆಯ ಜೊತೆಗೆ ನನಗೆ ಬಂದೂಕಿನ ಮದ್ದಿನ ವಾಸನೆಯೂ ಬರುತ್ತದೆಂದು ಅವರಿಗೆ ಹೇಗೆ ಹೇಳಲಿ...

ನನ್ನ ತವರು ಹುಲಿಹೈದರದ ಕಡೆಯ ಸಣ್ಣ ಊರು. ನಿಜಾಮರ ಆಳ್ವಿಕೆ ಇದ್ದ, ಹೊರದೇಶಗಳಲ್ಲಿ ದೊಡ್ಡ ಲಡಾಯಿ ನಡೆದಿದ್ದ ಕಾಲ. ಪಕ್ಕದ ಮನೆಯಲ್ಲಿ ಒಬ್ಬ ಕಾಕಾ ಇದ್ದರು. ರಕ್ತಸಂಬಂಧವೇನಲ್ಲ, ನಡುಗೋಡೆಯ ಸಂಬಂಧ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಊರಲ್ಲಿ ಪರವಾನಗಿ ಇದ್ದ ಬಂದೂಕು ಅವರದೊಂದೇ. ಒಂದು ಸಲಕ್ಕೆ ಒಂದೇ ಕಾಡತೂಸು ಹಿಡಿಯುವ ಹಳೆಯ ರೈಫಲ್ಲು. ತಮ್ಮ ಎಮ್ಮೆಗಿಂತ ಅದನ್ನೇ ಹೆಚ್ಚು ತಿಕ್ಕಿ ಒರೆಸುತ್ತಿದ್ದರು. ಸುಮ್ಮಸುಮ್ಮನೆ ಹಾರಿಸಿದವರಲ್ಲ. ಮಾತೂ ಹಾಗೆಯೇ, ಅಳೆದು ತೂಗಿ.

ಆ ವರ್ಷ ಮದುವೆಯಾದ ಮೇಲೆ ಮೊದಲ ನಾಗರಪಂಚಮಿಗೆ ತವರಿಗೆ ಬಂದವಳು ದಸರೆಯವರೆಗೂ ಅಲ್ಲೇ ಉಳಿದಿದ್ದೆ. ಸೀತಾಫಲ ಬಲಿಯುವ ಹೊತ್ತಿಗೆ ನಮ್ಮ ಗುಡ್ಡಕ್ಕೆ ಕರಡಿಯೊಂದು ಬಂದು ಸೇರಿತು. ಕಾಯಿ ಹರಿಯಲು ಹೋದ ಹೆಂಗಸೊಬ್ಬಳ ತೊಡೆ ಸಿಗಿದುಹಾಕಿತು. ಆ ಹಣ್ಣನ್ನು ಗಂಗಾವತಿಗೆ ಹೊತ್ತು ಮಾರಿಯೇ ನಮ್ಮೂರಿನ ಎಷ್ಟೋ ಹೆಂಗಸರು ಹೊಟ್ಟೆ ಹೊರೆಯುತ್ತಿದ್ದರು. ಅವರೆಲ್ಲ ಬಂದು ಕಾಕಾನ ಕಟ್ಟೆಯ ಮೇಲೆ ಕೂತರು. ಕಾಕಾನ ಬಳಿ ಇದ್ದದ್ದು ಅಂಗಡಿಯ ಕಾಡತೂಸು ಒಂದು, ಹಿಂದೆ ಹಾರಿಸಿ ಖಾಲಿಯಾದ ಹಿತ್ತಾಳೆಯ ಕೊಳವೆ ನಾಲ್ಕು. ಹೊಸದು ತರಲು ಕೊಪ್ಪಳಕ್ಕೆ ಹೋಗಿ ಬರಿಗೈಯಲ್ಲಿ ಬಂದರು. ಲಡಾಯಿ ಮುಗಿಯುವ ತನಕ ಕೇಳಲೇಬೇಡಿ ಎಂದನಂತೆ ಅಂಗಡಿಯವನು.

ಖಾಲಿ ಕೊಳವೆಗೆ ಮನೆಯಲ್ಲೇ ಮದ್ದು, ಗುಂಡು ತುಂಬಬಹುದಿತ್ತು. ತುಂಬಬೇಕೋ ಬೇಡವೋ ಎಂಬುದೇ ಹದಿನೈದು ದಿನದ ಮಾತಾಯಿತು. ನನ್ನ ಅಪ್ಪನಿಗೆ ಅದು ಸುತರಾಂ ಒಪ್ಪಿಗೆ ಇರಲಿಲ್ಲ.

"ಮನ್ಯಾಗ ತುಂಬಿದ್ದು ಹಾರತೈತಿ ಅಂತ ಏನು ನಂಬಿಕಿ ತಮ್ಮಾ? ಹಾರಲಿಲ್ಲಂದ್ರ ಕರಡಿ ನಿಂತು ಕಾಯತೈತೇನು?"

"ಒಂದ ಕಾಡತೂಸು ಹಿಡಕೊಂಡು ಹೋಗೂದೂ ಅಷ್ಟ ಅಪಾಯ ಅಲ್ಲೇನಣ್ಣಾ," ಎಂದರು ಕಾಕಾ.

ಆಮೇಲೆ, ಚಾ ಕೊಡಲು ಬಂದ ನನ್ನ ಕಡೆ ತಿರುಗಿದರು. "ನೀ ಏನಂತೀಯವ್ವಾ?"

ಹದಿನೇಳು ವರ್ಷದ ನನ್ನನ್ನು ಅಲ್ಲಿಯವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ಮದುವೆಯನ್ನೂ ಕೇಳಿ ಮಾಡಿರಲಿಲ್ಲ. ನಾನು ಉಬ್ಬಿಹೋದೆ.

"ತುಂಬ್ರಿ ಕಾಕಾ. ನಿಮ್ಮ ಕೈ ತಪ್ಪೂದಿಲ್ಲ."

ಅವರು ಪತ್ತಾರರ ಮನೆಯಿಂದ ಬಂಗಾರ ತೂಗುವ ತಕ್ಕಡಿ ತಂದರು. ಒಂದು ತಟ್ಟೆಗೆ ಗುಲಗಂಜಿ ಎಣಿಸಿ ಹಾಕಿ, ಇನ್ನೊಂದಕ್ಕೆ ಮದ್ದು ಸುರಿದು, ಮುಳ್ಳು ನಿಲ್ಲುವ ತನಕ ಉಸಿರು ಬಿಡುತ್ತಿರಲಿಲ್ಲ. ನಾಲ್ಕು ತುಂಬಲು ಎರಡು ದಿನ ಹಿಡಿಯಿತು. ಒಂದನ್ನು ಕೆರೆಯ ಏರಿಯ ಮೇಲೆ ಒಡಕು ಮಡಕೆ ಇಟ್ಟು ಹಾರಿಸಿ ನೋಡಿದರು. ಮಡಕೆ ಪುಡಿಪುಡಿಯಾಯಿತು. ಅಪ್ಪನೂ ಒಪ್ಪಿದ. ಆ ಕೊಳವೆಯ ಬಾಯಿ ಸೀಳಿ ಇನ್ನು ಉಪಯೋಗಕ್ಕೆ ಬಾರದಂತಾಗಿತ್ತು. "ಇದರಾಗ ಕುಂಕುಮ ಹಾಕಿ ಇಟ್ಕೋ," ಎಂದು ನನ್ನ ಕೈಗೆ ಕೊಟ್ಟರು. ಈಗಲೂ ಅದು ನನ್ನ ಪೆಟ್ಟಿಗೆಯಲ್ಲಿದೆ.

ಅಷ್ಟರಲ್ಲಿ ನವರಾತ್ರಿ ಬಂತು. ಕಾಕಾನ ಮನೆತನದಲ್ಲಿ ಘಟ ಹಾಕಿದ ದಿನವೇ ಕಾಡತೂಸುಗಳು ದೇವಿಯ ಮುಂದೆ ಕೂರಬೇಕು. ಘಟ ಎತ್ತುವ ತನಕ ಅವನ್ನು ಅಲುಗಿಸುವಂತಿಲ್ಲ. ಅವರ ಮನೆಯಲ್ಲಿ ಹೆಂಗಸರಿಲ್ಲವೆಂದು ಆ ವರ್ಷ ದೀಪಕ್ಕೆ ಎಣ್ಣೆ, ಘಟಕ್ಕೆ ನೀರು ಎರಡೂ ನನ್ನ ಪಾಲಿಗೆ ಬಂದವು. ಪೈರು ಎತ್ತರ ಬೆಳೆದರೆ ತುಂಬಿದ ಮನೆಯಾಗುತ್ತದೆಂದು ಅವ್ವ ಹೇಳಿದ್ದಳು. ಕಾಕಾನ ಮನೆ ತುಂಬಲಿ ಎಂದು ನಾನು ಎರಡೂ ಹೊತ್ತು ಕೈ ಸಡಿಲ ಬಿಟ್ಟೇ ನೀರು ಹಾಕಿದೆ. ಐದನೆಯ ದಿನ ನೀರು ಪತ್ರಾವಳಿ ದಾಟಿ ಹರಿದು ಕಾಡತೂಸು ಇಟ್ಟಿದ್ದ ಬಟ್ಟೆ ತೊಯ್ದಿತ್ತು. ಕಂಡಿತು. ಎತ್ತಿಡಬೇಕು ಅನ್ನಿಸಿತು. ಇಟ್ಟದ್ದನ್ನು ಅಲುಗಿಸಬಾರದಲ್ಲ... ಬಿಟ್ಟೆ. ಪ್ರತಿ ವರ್ಷವೂ ಅಂಗಡಿಯ ಕಾಡತೂಸು ಅಲ್ಲೇ ಕೂತಿದ್ದವು, ಏನೂ ಆಗಿರಲಿಲ್ಲ. ಅವುಗಳ ಬಾಯಿ ನೀರು ಇಳಿಯದಷ್ಟು ಬಿಗಿಯಾಗಿರುತ್ತಿತ್ತು. ಕೈಯಿಂದ ತುಂಬಿದ್ದಕ್ಕೆ ಆ ಬಿಗಿ ಎಲ್ಲಿಂದ ಬರಬೇಕು?

ಒಂಬತ್ತನೆಯ ದಿನ ಘಟ ಎತ್ತಿದ ಮೇಲೆ ಕಾಕಾ ಕಾಡತೂಸುಗಳನ್ನು ಒರೆಸಿಕೊಂಡರು. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಅವುಗಳ ಕೆಳಗಿದ್ದ ಬಟ್ಟೆಯನ್ನು ಒಗೆಯಲು ನಾನು ತೆಗೆದುಕೊಂಡೆ. ಅದರ ಮೇಲೆ ಮೂರು ಕಪ್ಪು ಕಲೆ ಇದ್ದವು. ದೀಪದ ಕಾಡಿಗೆ ಇರಬೇಕೆಂದುಕೊಂಡು ತಿಕ್ಕಿ ಒಗೆದುಹಾಕಿದೆ.

ದಸರೆಯ ಬನ್ನಿ ಕೊಟ್ಟ ಮೂರನೆಯ ದಿನ ಬೆಳಿಗ್ಗೆ ಕಾಕಾ ಗುಡ್ಡ ಹತ್ತಿದರು. ಜೊತೆಗೆ ಹೋಗಿದ್ದ ಕುರುಬರವನೊಬ್ಬ ಬಂಡೆಯ ಮೇಲಿಂದ ಎಲ್ಲ ನೋಡಿದನಂತೆ. "ಅಂಗಡಿದು ಕಡೀಕಿರಲಿ," ಎಂದು ಕಾಕಾ ಅದನ್ನು ಅಂಗಿಯ ಕಿಸೆಯಲ್ಲಿಟ್ಟು, ತಾವು ತುಂಬಿದ್ದನ್ನು ಹಾಕಿಕೊಂಡರಂತೆ. ಕರಡಿ ಎದುರಾಯಿತು. ಬಂದೂಕಿನ ಕುದುರೆ ಎಳೆದರು, ಸದ್ದಿಲ್ಲ. ತೆಗೆದು ಎರಡನೆಯದು ಹಾಕಿದರು. ಅದೂ ಇಲ್ಲ. ಕೈ ಕಿಸೆಗೆ ಹೋಗುವಷ್ಟರಲ್ಲಿ ಕರಡಿ ಮೈಮೇಲಿತ್ತು.

ಸಾಯಲಿಲ್ಲ. ಎಡಗಣ್ಣು ಹೋಯಿತು, ಎಡಗೆನ್ನೆ ಹೋಯಿತು. ಬಂದೂಕು, ಉಳಿದ ಕಾಡತೂಸು ಎಲ್ಲ ಠಾಣೆಯವರು ಒಯ್ದರು. ಯಾರೂ ಬಿಚ್ಚಿ ನೋಡಲಿಲ್ಲ. ಆ ವರ್ಷ ಯಾರೂ ಗುಡ್ಡ ಹತ್ತಲಿಲ್ಲ, ಹಣ್ಣು ಗಿಡದಲ್ಲೇ ಕೊಳೆಯಿತು. ಬುಟ್ಟಿ ಹೊರುತ್ತಿದ್ದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕೂಲಿಗೆ ಊರು ಬಿಟ್ಟರು. ಕರಡಿ ಇದ್ದಲ್ಲೇ ಇತ್ತು.

ಮುಂದಿನ ಪಂಚಮಿಗೆ ಬಂದಾಗ ಚಾ ತೆಗೆದುಕೊಂಡು ಹೋದೆ. ಮುಖಕ್ಕೆ ರುಮಾಲು ಸುತ್ತಿಕೊಂಡು ಕತ್ತಲ ಮೂಲೆಯಲ್ಲಿ ಕೂತಿದ್ದರು. ಮುಂದೆ ತಕ್ಕಡಿ. ಗುಲಗಂಜಿ ಹಾಕಿ, ಮದ್ದಿನ ಬದಲು ಮರಳು ಸುರಿದು ತೂಗುತ್ತಿದ್ದರು. ಚೆಲ್ಲುತ್ತಿದ್ದರು, ಮತ್ತೆ ತೂಗುತ್ತಿದ್ದರು.

"ಅಳತಿ ಎಲ್ಲಿ ತಪ್ತು ಅಂತ ನೋಡಾಕತ್ತೀನಿ," ಎಂದರು. ಮಾತು ಸೋರಿ ಹೋಗುತ್ತಿತ್ತು. "ನಿಮ್ಮ ಕೈ ತಪ್ಪೂದಿಲ್ಲ ಅಂದಿದ್ದೆಲ್ಲವ್ವಾ ನೀ... ತಪ್ತು ನೋಡು."

ತೊಯ್ದ ಮದ್ದು ಬಿಟ್ಟ ಆ ಮೂರು ಕಪ್ಪು ಕಲೆ ನನ್ನ ಕಣ್ಣೆದುರಿಗಿದ್ದವು. ನೀರು ಹಾಕಿದವಳು ನಾನು ಕಾಕಾ, ಎಂಬ ಮಾತು ಹಲ್ಲಿನ ತನಕ ಬಂತು. ಅಪ್ಪ, ಅತ್ತೆಮನೆ, ಊರು, ಎಲ್ಲರ ಮುಖ ಒಟ್ಟಿಗೆ ಕಂಡವು. ಹೇಡಿ ನಾನು.

"ಚಾ ಆರತೈತಿ, ಕುಡೀರಿ ಕಾಕಾ," ಎಂದೆ.

ಆಮೇಲೆ ಆರು ಪಂಚಮಿ ಅವರು ಹಾಗೇ ಮರಳು ತೂಗಿದರು. ಆರು ಪಂಚಮಿ ನಾನು ಚಾ ಕೊಟ್ಟು ಬಂದೆ. ಏಳನೆಯದಕ್ಕೆ ಹೋದಾಗ ಅವರ ಬಾಗಿಲಿಗೆ ಬೀಗವಿತ್ತು...

ಈಗ ಸೊಸೆ ಒಳಗಿಂದ ಕರೆಯುತ್ತಿದ್ದಾಳೆ. "ಅತ್ತೀ, ಇವತ್ತರ ಬಂದು ಘಟಕ್ಕ ನೀರು ಹಾಕ್ರಿ."

"ಕೈ ನಡುಗತಾವವ್ವಾ, ನೀನ ಹಾಕು," ಎಂದೆ. ಕೈ ನಡುಗುತ್ತಿರಲಿಲ್ಲ. ನಿಮ್ಮ ಕೈ ತಪ್ಪಿರಲಿಲ್ಲ ಎಂದು ಒಬ್ಬರಿಗೆ ಹೇಳಬೇಕಿತ್ತು. ಅವರಿಲ್ಲ. ಉಳಿದವರಿಗೆ ಹೇಳಿ ಏನು ಮಾಡಲಿ?